ಚಳಿಗಾಲದ ರಜೆಯಲ್ಲಿ ದೊಡ್ಡ ಊರು ಸುತ್ತುವುದು ಹೇಗೆ: ಮೊದಲು ಬೆಳಕಿನ ಲೆಕ್ಕ ಹಾಕಿ

ಡಿಸೆಂಬರ್ ಕೊನೆಯಲ್ಲಿ ಲಂಡನ್, ನ್ಯೂಯಾರ್ಕ್, ಪ್ಯಾರಿಸ್‌ನಂಥ ಊರಿಗೆ ರಜೆಗೆ ಹೋಗುವವರು ಮೊದಲು ನೋಡಬೇಕಾದ ಜಾಗಗಳ ಪಟ್ಟಿ ಮಾಡುತ್ತಾರೆ. ಅದನ್ನು ಆಮೇಲೆ ಮಾಡಿ. ಮೊದಲು ಆ ಊರಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಅಂತ ನೋಡಿ. ಲಂಡನ್‌ನಲ್ಲಿ ಆ ದಿನಗಳಲ್ಲಿ ಸಂಜೆ 4 ಗಂಟೆಯೊಳಗೇ ಸೂರ್ಯಾಸ್ತ, ಹಗಲು 8 ಗಂಟೆಯೂ ಇರುವುದಿಲ್ಲ. ನ್ಯೂಯಾರ್ಕ್‌ನಲ್ಲಿ 4.30ರ ಸುಮಾರಿಗೆ. ಸ್ಟಾಕ್‌ಹೋಮ್‌ನಲ್ಲಂತೂ 3 ಗಂಟೆಯೊಳಗೇ ಮುಳುಗಿಬಿಡುತ್ತಾನೆ. ರಜೆ ಅಲ್ವಾ ಅಂತ ತಡವಾಗಿ ಎದ್ದು, ನಿಧಾನಕ್ಕೆ ತಿಂಡಿ ತಿಂದು, 11 ಗಂಟೆಗೆ ಹೊರಗೆ ಬಿದ್ದರೆ ನಿಮಗೆ ಸಿಗುವುದು ನಾಲ್ಕೈದು ಗಂಟೆಯ ಬೆಳಕು. ಅದರಲ್ಲೂ ಒಂದಷ್ಟು ರೈಲಿನಲ್ಲೇ ಕಳೆದುಹೋಗುತ್ತದೆ.

ಅದಕ್ಕೇ ದಿನವನ್ನು ಬೆಳಕಿಗೆ ತಕ್ಕ ಹಾಗೆ ಎರಡು ಭಾಗ ಮಾಡಿಕೊಳ್ಳಿ. ಹಗಲು ಹೊರಗಿನ ಕೆಲಸಕ್ಕೆ: ಪಾರ್ಕು, ನದಿ ದಂಡೆ, ಸೇತುವೆ, ಹಳೆಯ ಬೀದಿಗಳು, ಎತ್ತರದಿಂದ ಊರು ನೋಡುವ ಜಾಗಗಳು. ಕತ್ತಲಾದ ಮೇಲೆ ದೀಪಾಲಂಕಾರ, ನಾಟಕ, ಸಂಗೀತ, ತಡವಾಗಿ ಬಾಗಿಲು ಹಾಕುವ ಮ್ಯೂಸಿಯಂ. ಒಂದೊಂದು ಭಾಗಕ್ಕೆ ಒಂದೇ ದೊಡ್ಡ ಕೆಲಸ ಇಟ್ಟುಕೊಳ್ಳಿ. ಎರಡನೆಯದಕ್ಕೆ ಸಮಯ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಬೇಜಾರಿಲ್ಲ. ಚಳಿಯಲ್ಲಿ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ದಿನಕ್ಕೆ ಐದಾರು ಜಾಗ ಮುಟ್ಟಿ ಬರುವುದು ಯಾರಿಗೂ ಖುಷಿ ಕೊಡುವುದಿಲ್ಲ.

ಎರಡನೆಯ ಕೆಲಸ, ಏನೇನು ಬಾಗಿಲು ಹಾಕಿರುತ್ತದೆ ಅಂತ ತಿಳಿದುಕೊಳ್ಳುವುದು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಡಿಸೆಂಬರ್ 25ರಂದು ಲಂಡನ್‌ನಲ್ಲಿ ಮೆಟ್ರೋ ರೈಲು ಓಡುವುದಿಲ್ಲ, ಸಿಟಿ ಬಸ್ಸೂ ಇಲ್ಲ. ಅಷ್ಟು ದೊಡ್ಡ ಊರು ಒಂದು ದಿನ ಪೂರ್ತಿ ಕಾಲ್ನಡಿಗೆಗೆ ಇಳಿಯುತ್ತದೆ. ಬ್ರಿಟಿಷ್ ಮ್ಯೂಸಿಯಂ 24ರಿಂದ 26ರವರೆಗೆ ಮುಚ್ಚಿರುತ್ತದೆ. ನ್ಯೂಯಾರ್ಕ್‌ನಲ್ಲಿ ಹಾಗಲ್ಲ, ಸಬ್‌ವೇ ವರ್ಷದ ಎಲ್ಲ ದಿನವೂ ಹಗಲು ರಾತ್ರಿ ಓಡುತ್ತದೆ, ಆದರೆ ಮೆಟ್ರೋಪಾಲಿಟನ್ ಮ್ಯೂಸಿಯಂ 25ಕ್ಕೂ ಜನವರಿ 1ಕ್ಕೂ ಬಂದ್. ಪ್ಯಾರಿಸ್‌ನ ಲೂವ್ರ್ ಕೂಡ ಆ ಎರಡು ದಿನ ಇಲ್ಲ. ಇನ್ನು ವಾರದ ರಜೆ ಬೇರೆ: ಲೂವ್ರ್‌ಗೆ ಮಂಗಳವಾರ, ಮೆಟ್ರೋಪಾಲಿಟನ್‌ಗೆ ಬುಧವಾರ, ಬೇರೆ ಎಷ್ಟೋ ಮ್ಯೂಸಿಯಂಗಳಿಗೆ ಸೋಮವಾರ. ಕ್ರಿಸ್‌ಮಸ್ ಮಾರ್ಕೆಟ್ ನೋಡುವ ಆಸೆ ಇದ್ದವರು ಇನ್ನೂ ಹುಷಾರಾಗಿರಬೇಕು. ಜರ್ಮನಿಯ ನ್ಯೂರೆಂಬರ್ಗ್‌ನ ಪ್ರಸಿದ್ಧ ಮಾರ್ಕೆಟ್ ಡಿಸೆಂಬರ್ 24ಕ್ಕೇ ಮುಗಿದುಹೋಗುತ್ತದೆ. ರಜೆ ಸಿಕ್ಕಿತು ಅಂತ 26ಕ್ಕೆ ಅಲ್ಲಿ ಇಳಿದರೆ ಖಾಲಿ ಚೌಕ ನೋಡಿಕೊಂಡು ಬರಬೇಕಾಗುತ್ತದೆ. ಮಾರ್ಕೆಟ್ಟೇ ಮುಖ್ಯ ಅಂದರೆ ಪ್ರಯಾಣವನ್ನು ಕ್ರಿಸ್‌ಮಸ್‌ಗಿಂತ ಒಂದು ವಾರ ಮೊದಲೇ ಇಟ್ಟುಕೊಳ್ಳಿ.

ಹಾಗಾದರೆ 25ರಂದು ಏನು ಮಾಡುವುದು? ನನ್ನ ಪ್ರಕಾರ ನಡೆಯುವುದಕ್ಕೆ ಇಡೀ ವರ್ಷದಲ್ಲಿ ಅದರಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಮಾಮೂಲಿ ದಿನ ಕಾಲಿಡಲು ಜಾಗವಿಲ್ಲದ ಅಂಗಡಿ ಬೀದಿಗಳು ಬೆಳಿಗ್ಗೆ ಪೂರ್ತಿ ಖಾಲಿ. ತಲೆಯೆತ್ತಿ ಕಟ್ಟಡ ನೋಡಬಹುದು, ರಸ್ತೆ ಮಧ್ಯದ ಗಡಿಬಿಡಿ ಇಲ್ಲದೆ ಫೋಟೋ ತೆಗೆಯಬಹುದು. ಉಳಿದುಕೊಂಡ ಜಾಗದಿಂದ ನಡೆದು ಹೋಗಿ ನಡೆದು ಬರುವಂಥ ದಾರಿ ಒಂದನ್ನು ಹಿಂದಿನ ದಿನವೇ ಗುರುತು ಮಾಡಿಟ್ಟುಕೊಳ್ಳಿ. ಊಟಕ್ಕೂ ಹಿಂದಿನ ದಿನವೇ ಏನಾದರೂ ತಂದಿಟ್ಟುಕೊಳ್ಳಿ.

ದೀಪಾಲಂಕಾರದ ವಿಷಯಕ್ಕೆ ಬಂದರೆ ಎಲ್ಲರೂ ಸಂಜೆ 6ರಿಂದ 9ರ ನಡುವೆಯೇ ಹೋಗುತ್ತಾರೆ. ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸೆಂಟರ್ ಮರದ ಹತ್ತಿರ ಆ ಹೊತ್ತಿಗೆ ಮುಂದೆ ಹೋಗಲೂ ಆಗುವುದಿಲ್ಲ, ಹಿಂದೆ ಬರಲೂ ಆಗುವುದಿಲ್ಲ. 1931ರಲ್ಲಿ, ಕೆಲಸವೇ ಸಿಗದ ಕಷ್ಟಕಾಲದಲ್ಲಿ, ಅಲ್ಲಿ ಕಟ್ಟಡ ಕಟ್ಟುತ್ತಿದ್ದ ಕಾರ್ಮಿಕರು ತಾವೇ ನಿಲ್ಲಿಸಿದ ಮರದಿಂದ ಶುರುವಾದದ್ದು ಅದು. ಲಂಡನ್‌ನ ಟ್ರಫಾಲ್ಗರ್ ಚೌಕದ ಮರಕ್ಕೂ ಅಂಥದ್ದೇ ಹಿನ್ನೆಲೆ ಇದೆ. ಎರಡನೆಯ ಮಹಾಯುದ್ಧದಲ್ಲಿ ಸಿಕ್ಕ ನೆರವಿಗೆ ಕೃತಜ್ಞತೆಯಾಗಿ ನಾರ್ವೆ ದೇಶ 1947ರಿಂದ ಪ್ರತಿ ವರ್ಷ ಅದನ್ನು ಕಳಿಸುತ್ತಿದೆ. ಇಂಥ ಕಥೆ ಗೊತ್ತಿದ್ದು ನೋಡಿದರೆ ಮಕ್ಕಳಿಗೂ ಮರ ಮನಸ್ಸಲ್ಲಿ ಉಳಿಯುತ್ತದೆ. ಜನ ಕಡಿಮೆ ಇರಬೇಕು ಅಂದರೆ ಸೂರ್ಯ ಹುಟ್ಟುವ ಮುಂಚೆ ಹೋಗಿ. ಬೆಳಕಾಗುವುದೇ ತಡ ಆದ್ದರಿಂದ ಅದಕ್ಕೆ ತೀರಾ ಬೇಗ ಏಳಬೇಕಾಗಿಲ್ಲ. ಬೆಳಗಿನ ಜಾವ ದೀಪ ಹಚ್ಚಿರುತ್ತಾರೋ ಇಲ್ಲವೋ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಫೋಟೋ ಬೇಕಾದವರು ಸೂರ್ಯ ಮುಳುಗಿದ ಮೊದಲ ಅರ್ಧ ಗಂಟೆಯನ್ನು ಬಿಡಬೇಡಿ. ಆಕಾಶ ಇನ್ನೂ ನೀಲಿಯಾಗಿರುತ್ತದೆ, ದೀಪವೂ ಹೊತ್ತಿರುತ್ತದೆ. ಪೂರ್ತಿ ಕತ್ತಲಾದ ಮೇಲೆ ಮರದ ಆಕಾರವೇ ಕಾಣದೆ ಬರೀ ಚುಕ್ಕೆಗಳು ಬರುತ್ತವೆ.

ಮ್ಯೂಸಿಯಂಗೆ ಮಳೆ ಬಂದ ದಿನ ಹೋಗೋಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗಿ ಮಳೆ ಬಂದ ದಿನವೇ ಅಲ್ಲಿ ಕ್ಯೂ ಜಾಸ್ತಿ. ರಾತ್ರಿ ತೆರೆದಿರುವ ದಿನ ಹುಡುಕಿ. ಮೆಟ್ರೋಪಾಲಿಟನ್ ಶುಕ್ರವಾರ ಶನಿವಾರ ರಾತ್ರಿ 9ರವರೆಗೆ ತೆರೆದಿರುತ್ತದೆ, ಲೂವ್ರ್ ಬುಧವಾರ ಮತ್ತು ಶುಕ್ರವಾರ. ಕತ್ತಲಾದ ಮೇಲಿನ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಒಳಗೆ ಹೋದ ಕೂಡಲೇ ಕೋಟು, ಬ್ಯಾಗು ಇಡುವ ಕೌಂಟರ್ ಎಲ್ಲಿದೆ ಕೇಳಿ, ದಪ್ಪ ಕೋಟು ಹೊತ್ತುಕೊಂಡು ಬಿಸಿ ಕೋಣೆಗಳಲ್ಲಿ ಸುತ್ತಿದರೆ ಒಂದು ಗಂಟೆಗೇ ಸುಸ್ತಾಗುತ್ತದೆ. ಲಂಡನ್‌ನ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಯಂಥವುಗಳಲ್ಲಿ ಕಾಯಂ ಸಂಗ್ರಹ ನೋಡಲು ದುಡ್ಡು ಕೊಡಬೇಕಾಗಿಲ್ಲ. ಒಂದೇ ಸಲ ಎಲ್ಲ ನೋಡಬೇಕೆಂಬ ಒತ್ತಡವೂ ಇರುವುದಿಲ್ಲ. ಎರಡು ಕೋಣೆ ನೋಡಿ ಬನ್ನಿ, ಬೇಕಾದರೆ ಮತ್ತೆ ಹೋಗಿ.

ಐಸ್ ಸ್ಕೇಟಿಂಗ್ ಮಾಡಬೇಕಾ? ಖಂಡಿತ ಮಾಡಿ, ಮೊದಲ ಸಲವಾದರೂ ಪರವಾಗಿಲ್ಲ. ವಾರದ ದಿನ, ಬೆಳಗಿನ ಮೊದಲ ಪಾಳಿಗೆ ಟಿಕೆಟ್ ತೆಗೆದುಕೊಳ್ಳಿ. ಆಗ ಮಂಜುಗಡ್ಡೆ ನುಣ್ಣಗಿರುತ್ತದೆ, ಗೀರು ಇರುವುದಿಲ್ಲ. ಬಾಡಿಗೆಯ ಬೂಟು ಬಿಗಿಯಾಗಿರಲಿ, ಒಂದೇ ಜೊತೆ ಕಾಲುಚೀಲ ಸಾಕು. ಲೇಸನ್ನು ಪಾದದ ಗಂಟಿನ ಹತ್ತಿರ ಚೆನ್ನಾಗಿ ಬಿಗಿಯಿರಿ, ಹೊಸಬರಿಗೆ ಕಾಲು ಹೊರಳುವುದು ಹೆಚ್ಚಾಗಿ ಲೇಸು ಸಡಿಲ ಇರುವುದರಿಂದಲೇ. ಗ್ಲೌಸ್ ಕಡ್ಡಾಯ. ಮೊಣಕಾಲು ಸ್ವಲ್ಪ ಬಗ್ಗಿಸಿ, ಭಾರ ಮುಂದಕ್ಕೆ ಇರಲಿ. ಬೀಳುತ್ತೀರಿ ಅನ್ನಿಸಿದರೆ ಹಿಂದಕ್ಕೆ ಬೀಳಬೇಡಿ, ಇನ್ನಷ್ಟು ಬಗ್ಗಿ ಪಕ್ಕಕ್ಕೆ ಬೀಳಿ, ಎದ್ದು ಬೇಗ ಅಂಚಿಗೆ ಬನ್ನಿ.

ಬಟ್ಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆ ವಾಸಿ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈ ಬೆಚ್ಚಗಿಡುವುದು, ಅಂಗಡಿಯೋ ರೈಲೋ ಹತ್ತಿದಾಗ ಒಂದು ಬಿಚ್ಚಲೂಬಹುದು. ಮೈಗೆ ತಾಗುವ ಪದರ ಹತ್ತಿಯದು ಬೇಡ, ಬೆವರು ಹಿಡಿದುಕೊಂಡು ಆಮೇಲೆ ತಣ್ಣಗಾಗುತ್ತದೆ. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಲಿಥಿಯಂ ಬ್ಯಾಟರಿ ಬೇಗ ಸೋತು ಫೋನ್ ಇದ್ದಕ್ಕಿದ್ದಂತೆ ಆಫ್ ಆಗುವುದುಂಟು. ನಕ್ಷೆ, ಟಿಕೆಟ್ ಎರಡೂ ಅದರಲ್ಲೇ ಇರುತ್ತವೆ ಅಲ್ವಾ.

ದುಡ್ಡಿಲ್ಲದೆ ಮಾಡುವ ಕೆಲಸಗಳು ನನಗೆ ತುಂಬ ಇಷ್ಟ. ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್ ಫೆರಿ ಪೂರ್ತಿ ಉಚಿತ, ಒಂದು ಕಡೆಗೆ ಸುಮಾರು 25 ನಿಮಿಷ, ದಾರಿಯಲ್ಲಿ ಲಿಬರ್ಟಿ ಪ್ರತಿಮೆ ಕಾಣುತ್ತದೆ. ಸೂರ್ಯಾಸ್ತದ ಹೊತ್ತಿಗೆ ಹೋಗಿ ಕತ್ತಲಾದ ಮೇಲೆ ಅದೇ ದೋಣಿಯ ದಾರಿಯಲ್ಲಿ ವಾಪಸ್ ಬಂದರೆ ಒಂದೇ ಊರನ್ನು ಎರಡು ರೂಪದಲ್ಲಿ ನೋಡಬಹುದು. ಹಕ್ಕಿ ನೋಡುವ ಆಸಕ್ತಿ ಇದ್ದವರಿಗೆ ಡಿಸೆಂಬರ್ 14ರಿಂದ ಜನವರಿ 5ರವರೆಗೆ ನಡೆಯುವ ಅಮೆರಿಕದ ಹಕ್ಕಿ ಸಂರಕ್ಷಣಾ ಸಂಸ್ಥೆ ಆಡುಬಾನ್‌ನ ಹಕ್ಕಿ ಗಣತಿ ಇದೆ. 1900ರಲ್ಲಿ ಹಕ್ಕಿ ಬೇಟೆಯ ಬದಲು ಹಕ್ಕಿ ಎಣಿಸೋಣ ಅಂತ ಶುರುವಾದದ್ದು, ಸೆಂಟ್ರಲ್ ಪಾರ್ಕಿನಲ್ಲೂ ನಡೆಯುತ್ತದೆ, ಹೊಸಬರನ್ನೂ ಸೇರಿಸಿಕೊಳ್ಳುತ್ತಾರೆ, ಮೊದಲೇ ಹೆಸರು ಕೊಡಬೇಕು. ಎಲೆ ಉದುರಿದ ಮರಗಳಲ್ಲಿ ಹಕ್ಕಿ ಸುಲಭವಾಗಿ ಕಾಣುತ್ತದೆ. ಇನ್ನು ಮೋಡವಿಲ್ಲದ ರಾತ್ರಿ 8ರ ಹೊತ್ತಿಗೆ ಆಗ್ನೇಯ ದಿಕ್ಕಿಗೆ ನೋಡಿ. ಊರಿನ ದೀಪಗಳ ನಡುವೆಯೂ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರ ಸಾಲಾಗಿ ಕಾಣುತ್ತವೆ. ಮಕ್ಕಳು ಮಲಗುವ ಮುಂಚೆಯೇ ನಕ್ಷತ್ರ ತೋರಿಸಬಹುದಾದ ಕಾಲ ಇದು.

ಡಿಸೆಂಬರ್ 31ರ ರಾತ್ರಿಯ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ನ್ಯೂಯಾರ್ಕ್‌ನ ಟೈಮ್ಸ್ ಚೌಕದಲ್ಲಿ 1907ರಿಂದ ನಡೆದುಬಂದ, ಹೊಸ ವರ್ಷಕ್ಕೆ ದೀಪದ ಚೆಂಡನ್ನು ಕಂಬದಿಂದ ಇಳಿಸುವ ಕಾರ್ಯಕ್ರಮವನ್ನು ಹತ್ತಿರದಿಂದ ನೋಡಬೇಕಾದರೆ ಮಧ್ಯಾಹ್ನದಿಂದಲೇ ಬೇಲಿಯೊಳಗೆ ನಿಲ್ಲಬೇಕು. ಶೌಚಾಲಯ ಇಲ್ಲ, ದೊಡ್ಡ ಬ್ಯಾಗು ಬಿಡುವುದಿಲ್ಲ, ಒಮ್ಮೆ ಹೊರಗೆ ಬಂದರೆ ಆ ಜಾಗ ಹೋಯಿತು. ಸಣ್ಣ ಮಕ್ಕಳಿದ್ದರೆ ದಯವಿಟ್ಟು ಬೇಡ. ಲಂಡನ್‌ನ ಥೇಮ್ಸ್ ದಂಡೆಯ ಪಟಾಕಿಗೆ 2014ರಿಂದ ಟಿಕೆಟ್ ಕಡ್ಡಾಯ, ಅದೂ ಬೇಗ ಮುಗಿದುಹೋಗುತ್ತದೆ. ಟಿಕೆಟ್ ಸಿಗದವರು ಊರಿನ ಯಾವುದಾದರೂ ದಿಬ್ಬದ ಪಾರ್ಕಿನಿಂದ ದೂರಕ್ಕೆ ನೋಡಬಹುದು. ಎಲ್ಲಿಗೇ ಹೋಗಿ, ವಾಪಸ್ ಬರುವ ರೈಲು ಎಷ್ಟು ಹೊತ್ತಿನವರೆಗೆ, ಯಾವ ಸ್ಟೇಷನ್ ಮುಚ್ಚಿರುತ್ತದೆ ಅಂತ ಹಗಲೇ ನೋಡಿಟ್ಟುಕೊಳ್ಳಿ. ಗುಂಪಿನಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಸೇರುವ ಜಾಗವನ್ನೂ ಮೊದಲೇ ಮಾತಾಡಿಕೊಳ್ಳಿ, ಆ ಗದ್ದಲದಲ್ಲಿ ಫೋನ್ ನೆಟ್‌ವರ್ಕ್ ನಂಬುವ ಹಾಗಿಲ್ಲ.

ರಜೆಯ ದಿನಾಂಕ ನಿಮ್ಮ ಕೈಯಲ್ಲೇ ಇದ್ದರೆ ಜನವರಿ 2ರಿಂದ 5ರವರೆಗಿನ ದಿನಗಳನ್ನು ಆರಿಸಿಕೊಳ್ಳಿ. ಟ್ರಫಾಲ್ಗರ್ ಚೌಕದ ಮರ ಇನ್ನೂ ಇರುತ್ತದೆ, ಮ್ಯೂಸಿಯಂಗಳು ಮಾಮೂಲಿ ಸಮಯಕ್ಕೆ ತೆರೆದಿರುತ್ತವೆ, ರಜೆಗೆ ಬಂದ ಬಹಳಷ್ಟು ಜನ ವಾಪಸ್ ಹೊರಟಿರುತ್ತಾರೆ. ನಾಟಕ, ಸ್ಕೇಟಿಂಗ್ ಎರಡಕ್ಕೂ ಆ ದಿನಗಳ ಟಿಕೆಟ್ ಕ್ರಿಸ್‌ಮಸ್ ವಾರಕ್ಕಿಂತ ಸುಲಭವಾಗಿ ಸಿಗುತ್ತದೆ.