ಟೆರೇಸ್ ಮೇಲಿಂದ ವೆಸ್ಟಾ ಹುಡುಕಿದ್ದು

ಬನಶಂಕರಿಯ ನಮ್ಮ ಟೆರೇಸಿನಿಂದ ಕಾಣುವ ನಕ್ಷತ್ರಗಳನ್ನು ಬೆರಳಲ್ಲೇ ಎಣಿಸಬಹುದು. ಅಂಥ ಕಡೆ ಕ್ಷುದ್ರಗ್ರಹ ನೋಡ್ತೀನಿ ಅಂದರೆ ನಗು ಬರುತ್ತೆ ಅಲ್ವಾ? ಆದರೆ 2025ರ ಮೇ 2ಕ್ಕೆ ವೆಸ್ಟಾ ಅನ್ನೋ ಕ್ಷುದ್ರಗ್ರಹ, ಭೂಮಿಯಿಂದ ನೋಡಿದರೆ, ಸೂರ್ಯನಿಗೆ ನೇರ ಎದುರು ದಿಕ್ಕಿಗೆ ಬರುತ್ತಿತ್ತು. ವೆಸ್ಟಾ ಜಾಸ್ತಿ ಹೊಳೆಯುವುದೇ ಅಂಥ ಸಮಯದಲ್ಲಿ. ನನ್ನ 10×50 ಬೈನಾಕ್ಯುಲರ್‌ಗೆ ಅಷ್ಟು ಸಾಕು.

ಮೊದಲ ರಾತ್ರಿ ತುಲಾ ರಾಶಿಯಲ್ಲಿ ಒಂದು ಚುಕ್ಕೆ ಕಂಡಿತು. ಸಿಕ್ಕೇಬಿಡ್ತು ಅಂತ ಎಲ್ಲರನ್ನೂ ಮೇಲಕ್ಕೆ ಕರೆದೆ. ಆಮೇಲೆ ನಕ್ಷೆ ನೋಡಿದರೆ ಅದು ಸುಮ್ನೆ ಒಂದು ನಕ್ಷತ್ರ! ವೆಸ್ಟಾ 525 ಕಿಲೋಮೀಟರ್ ಅಗಲವಿದ್ದರೂ ಸುಮಾರು 17 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಬೈನಾಕ್ಯುಲರ್‌ನಲ್ಲಿ ಅದೂ ಬರೀ ಚುಕ್ಕೆಯೇ. ನೋಡಿದರೆ ಗೊತ್ತಾಗುವುದಿಲ್ಲ, ಸರಿದರೆ ಮಾತ್ರ ಗೊತ್ತಾಗುತ್ತದೆ.

ಮರುದಿನ ಅಮ್ಮನ ಬಳೆ ಇಟ್ಟು ಹಾಳೆ ಮೇಲೆ ವೃತ್ತ ಎಳೆದೆ. ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿದೆ. ಮೊಣಕೈ ಎರಡನ್ನೂ ಪ್ಯಾರಾಪೆಟ್ ಮೇಲೆ ಊರಿ, ಕಂಡ ಚುಕ್ಕೆಗಳನ್ನೆಲ್ಲ ಗುರುತು ಹಾಕಿದೆ. ಹನ್ನೊಂದು ಚುಕ್ಕೆ. ಆಮೇಲೆ ಮೂರು ದಿನ ಮೋಡ. ನಾಲ್ಕನೇ ದಿನ ಸಂಜೆ ಜೋರು ಮಳೆ ಬಂದು ಧೂಳೆಲ್ಲ ತೊಳೆದುಹೋಯಿತು. ಮೇ ತಿಂಗಳಲ್ಲಿ ಬೆಂಗಳೂರಿನ ಒಳ್ಳೆಯ ಆಕಾಶ ಸಿಗುವುದು ಹೀಗೇ, ಮಳೆ ನಿಂತ ಮೇಲೆ.

ಹತ್ತು ಚುಕ್ಕೆ ಇದ್ದಲ್ಲೇ ಇದ್ದವು. ಒಂದು ಮಾತ್ರ ಪಶ್ಚಿಮಕ್ಕೆ, ಹೆಚ್ಚುಕಮ್ಮಿ ಎರಡು ಹುಣ್ಣಿಮೆ ಚಂದ್ರನಷ್ಟು ದೂರ ಸರಿದಿತ್ತು. ವೆಸ್ಟಾ ಸೂರ್ಯನನ್ನು ಸುತ್ತಲು 3.6 ವರ್ಷ ತೆಗೆದುಕೊಳ್ಳುತ್ತದೆ. ಒಳಗಿನ ದಾರಿಯಲ್ಲಿ ಭೂಮಿಯದು ಜಾಸ್ತಿ ವೇಗ. ರಿಂಗ್ ರೋಡಲ್ಲಿ ನಮ್ಮ ಬಸ್ಸು ಆಟೋವನ್ನು ದಾಟುವಾಗ ಆಟೋ ಹಿಂದಕ್ಕೆ ಹೋದಂತೆ ಕಾಣುತ್ತಲ್ಲ, ಹಾಗೆ.

1807ರ ಮಾರ್ಚ್ 29ರಂದು ಜರ್ಮನಿಯ ಬ್ರೆಮೆನ್‌ನಲ್ಲಿ ಓಲ್ಬರ್ಸ್ ಇದನ್ನು ಕಂಡುಹಿಡಿದದ್ದು. ಅವರು ವೃತ್ತಿಯಲ್ಲಿ ಡಾಕ್ಟರ್. ಒಡೆದುಹೋದ ಗ್ರಹವೊಂದರ ಚೂರುಗಳು ಸಿಗಬಹುದು ಅಂತ ಹುಡುಕುತ್ತಿದ್ದರು. ಊಹೆ ತಪ್ಪು, ಸಿಕ್ಕಿದ್ದು ಮಾತ್ರ ನಿಜ.

ಅಮ್ಮ ಬೈನಾಕ್ಯುಲರ್ ಕೆಳಗಿಳಿಸಿ, "ಇಷ್ಟಕ್ಕಾ ನಿದ್ದೆಗೆಟ್ಟಿದ್ದು?" ಅಂದರು. ವೆಸ್ಟಾದ ದಕ್ಷಿಣದಲ್ಲಿ ಏನೋ ಬಂದು ಬಡಿದು ಆದ ಸುಮಾರು 500 ಕಿಲೋಮೀಟರ್ ಅಗಲದ ಗುಂಡಿ ಇದೆ, ಅಂಥ ಹೊಡೆತಕ್ಕೆ ಚಿಮ್ಮಿದ ಕಲ್ಲುಗಳು ಭೂಮಿಗೂ ಬಿದ್ದಿವೆ ಅಂದೆ. 1996ರಲ್ಲಿ ರಾಜಸ್ಥಾನದ ಪಿಪಲಿಯಾ ಕಲಾನ್‌ನಲ್ಲಿ ಬಿದ್ದದ್ದೂ ಅದೇ ಜಾತಿಯ ಕಲ್ಲು.

"ನಮ್ಮ ಟ್ಯಾಂಕ್ ಮೇಲೆ ಬೀಳದಿದ್ದರೆ ಸಾಕು ಕಣೋ," ಅಂದು ಬಳೆ ಇಸ್ಕೊಂಡು ಕೆಳಗೆ ಹೋದರು.