ರೀಸ್ಟಾರ್ಟ್ ಇಲ್ಲದೆ ಪಾತ್ ರಿಫ್ರೆಶ್: ಲ್ಯಾಬ್‌ಗಳಲ್ಲಿ ನಾನು ಮಾಡುವ ರೀತಿ

ವಿಂಡೋಸ್‌ನಲ್ಲಿ ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ರೀಸ್ಟಾರ್ಟ್ ಮಾಡಲೇಬೇಕು, ಇಲ್ಲದಿದ್ದರೆ ಪಾತ್ (ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕು ಅನ್ನುವ ಫೋಲ್ಡರ್ ಪಟ್ಟಿ) ಸಿಗುವುದಿಲ್ಲ ಅಂತ ನಮ್ಮ ಲೈನಿನಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಬ್ಯಾಚ್ ಫೈಲ್ (ಸಾಲಾಗಿ ಓಡುವ ಕಮಾಂಡ್‌ಗಳ ಫೈಲ್) ನೋಡಿದವರೂ ಅದನ್ನೇ ಹೇಳಿದರು. ಈಗ ಸುಮಾರು 40 ಮಷೀನಿನ ಲ್ಯಾಬನ್ನು ಒಂದೂ ರೀಸ್ಟಾರ್ಟ್ ಇಲ್ಲದೆ ಮುಗಿಸುತ್ತೇನೆ.

ಕಾಲೇಜು ಲ್ಯಾಬ್ ಕೆಲಸ ನನಗೆ ಮಷೀನ್ ಲೆಕ್ಕದಲ್ಲಿ ಸಿಗುತ್ತದೆ, ಒಂದಕ್ಕೆ 150 ರೂಪಾಯಿ ಆಸುಪಾಸು. ಜೆಡಿಕೆ, ಮಾವೆನ್, ನೋಡ್, ಪೈಥಾನ್ ಅಂಥ ಪ್ರೋಗ್ರಾಮಿಂಗ್ ಸಾಧನ ಎಲ್ಲ ಒಂದೇ ಸ್ಕ್ರಿಪ್ಟಿನಲ್ಲಿ. ನೋಡ್ ಹಾಕಿ ಅದೇ ವಿಂಡೋದಲ್ಲಿ ಅದರ ಜೊತೆ ಬರುವ ಎನ್‌ಪಿಎಂ ಕರೆದರೆ, ಅಂಥ ಕಮಾಂಡೇ ಇಲ್ಲ ಅನ್ನುತ್ತದೆ. ಹಳೆ ಹಾರ್ಡ್‌ಡಿಸ್ಕಿನ ಮಷೀನಿಗೆ ಒಂದು ರೀಸ್ಟಾರ್ಟ್ ಅಂದರೆ ಐದಾರು ನಿಮಿಷ. ಅಪ್‌ಡೇಟ್ ಶುರುವಾದರೆ ಅರ್ಧ ಗಂಟೆ ಹೋಯಿತು. ಜೊತೆಗೆ ಒಬ್ಬ ಹುಡುಗನನ್ನು ಇಟ್ಟುಕೊಂಡರೆ ದಿನಕ್ಕೆ 700-800 ರೂಪಾಯಿ. ಕೈಗೆ ಉಳಿಯುವುದೇನು?

ಇನ್‌ಸ್ಟಾಲರ್ ತನ್ನ ಕೆಲಸ ಸರಿಯಾಗೇ ಮಾಡಿರುತ್ತದೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಹೊಸ ಪಾತ್ ಬರೆದು, ಬದಲಾಯಿತು ಅಂತ ಸಂದೇಶವನ್ನೂ ಕಳಿಸುತ್ತದೆ. ಡೆಸ್ಕ್‌ಟಾಪ್, ಫೋಲ್ಡರ್ ತೋರಿಸುವ ಎಕ್ಸ್‌ಪ್ಲೋರರ್ ಅದನ್ನು ಕೇಳಿಸಿಕೊಳ್ಳುತ್ತದೆ. ತೆರೆದಿರುವ ಸಿಎಂಡಿ, ಅಂದರೆ ಕಮಾಂಡ್ ವಿಂಡೋ, ಕೇಳಿಸಿಕೊಳ್ಳುವುದಿಲ್ಲ.

ಮೊದಲು ವಿಂಡೋಸ್‌ನದೇ ಸೆಟ್‌ಎಕ್ಸ್ ಕಮಾಂಡ್ ನೋಡಿದೆ. ಅದು ರಿಜಿಸ್ಟ್ರಿಗೆ ಬರೆಯುತ್ತದೆ, ಈಗಿರುವ ವಿಂಡೋವನ್ನು ಮುಟ್ಟುವುದೇ ಇಲ್ಲ. ಮೇಲಾಗಿ 1024 ಅಕ್ಷರ ದಾಟಿದರೆ ಉಳಿದದ್ದನ್ನು ಕತ್ತರಿಸಿ ಎಸೆಯುತ್ತದೆ. ಹೀಗೆ ಯಾರೋ ಅರ್ಧ ಮಾಡಿಟ್ಟ ಪಾತ್‌ಗಳನ್ನು ಎಷ್ಟೋ ಲ್ಯಾಬ್‌ಗಳಲ್ಲಿ ರಿಪೇರಿ ಮಾಡಿದ್ದೇನೆ. ದಯವಿಟ್ಟು ಪಾತ್‌ಗೆ ಸೆಟ್‌ಎಕ್ಸ್ ಬಳಸಬೇಡಿ.

ಆಮೇಲೆ ಚಾಕೊಲೇಟಿ (ಕಮಾಂಡಿನಿಂದ ಸಾಫ್ಟ್‌ವೇರ್ ಹಾಕುವ ಪ್ರೋಗ್ರಾಂ) ಜೊತೆ ಬರುವ ರಿಫ್ರೆಶ್‌ಎನ್ವ್. ಒಳ್ಳೆಯ ಸಾಧನ. ಆದರೆ ಅದೂ ಬ್ಯಾಚ್ ಫೈಲೇ, ಅದರ ಹೆಸರಿನ ಮುಂದೆ ಕಾಲ್ ಅನ್ನುವ ಕಮಾಂಡ್ ಹಾಕದಿದ್ದರೆ ನಮ್ಮ ಸ್ಕ್ರಿಪ್ಟ್ ಅಲ್ಲಿಗೇ ಮುಗಿದುಹೋಗುತ್ತದೆ, ಎರರ್ ಕೂಡ ಬರುವುದಿಲ್ಲ. ಪವರ್‌ಶೆಲ್‌ನಲ್ಲಿ (ಸಿಎಂಡಿಯಂಥ ಇನ್ನೊಂದು ಕಮಾಂಡ್ ವಿಂಡೋ) ಚಾಕೊಲೇಟಿಯ ಪ್ರೊಫೈಲ್ ಮಾಡ್ಯೂಲ್ ಲೋಡ್ ಆಗದಿದ್ದರೆ ಸುಮ್ನೆ ಓಡಿ ಮುಗಿಯುತ್ತದೆ, ಏನೂ ಬದಲಾಗುವುದಿಲ್ಲ. ಮಗುವಿನ ಪ್ರೋಸೆಸ್ (ಇನ್ನೊಂದು ಪ್ರೋಗ್ರಾಂ ಶುರು ಮಾಡಿದ್ದು) ತನ್ನನ್ನು ಶುರು ಮಾಡಿದ ತಾಯಿಯ ವೇರಿಯಬಲ್ (ಪಾತ್‌ನಂಥ ಸೆಟ್ಟಿಂಗ್) ಬದಲಿಸಲು ಆಗುವುದಿಲ್ಲ, ಅಲ್ವಾ? ಅಲ್ಲದೆ ಜಾಸ್ತಿ ಕಾಲೇಜುಗಳಲ್ಲಿ ಚಾಕೊಲೇಟಿ ಹಾಕಲು ಒಪ್ಪುವುದಿಲ್ಲ.

ಹಾಗಾಗಿ ನಂದೇ ಒಂದು ಬರೆದೆ, ಮೂವತ್ತು ಸಾಲು ಇರಬಹುದು. ರೆಗ್ ಕ್ವೆರಿ ಕಮಾಂಡಿನಿಂದ ರಿಜಿಸ್ಟ್ರಿಯ ಸಿಸ್ಟಮ್ ಮತ್ತು ಯೂಸರ್ ಎರಡೂ ಕೀ ಓದುತ್ತೇನೆ. ಟೆಂಪ್ ಫೋಲ್ಡರಿನಲ್ಲಿ ಸೆಟ್ (ವೇರಿಯಬಲ್ ಬದಲಿಸುವ ಕಮಾಂಡ್) ಸಾಲುಗಳ ಬ್ಯಾಚ್ ಫೈಲ್ ಮಾಡಿ, ಅದನ್ನು ಅದೇ ವಿಂಡೋದಲ್ಲಿ ಕಾಲ್ ಮಾಡುತ್ತೇನೆ. ಸೆಟ್‌ಲೋಕಲ್ ಕಮಾಂಡ್ ಹಾಕಬಾರದು, ಹಾಕಿದರೆ ಫೈಲ್ ಮುಗಿದಾಗ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಪಾತ್ ಮಾತ್ರ ಕೊನೆಯಲ್ಲಿ ಬರಬೇಕು, ಯಾಕೆಂದರೆ ಅದರೊಳಗೆ ಜಾವಾ ಹೋಮ್ ಅನ್ನುವ ಇನ್ನೊಂದು ವೇರಿಯಬಲ್ ಇರುತ್ತದೆ. ಅದು ಮೊದಲು ಸಿಗದಿದ್ದರೆ ಬ್ಯಾಚ್ ಫೈಲಿನಲ್ಲಿ ಆ ಜಾಗ ಖಾಲಿಯಾಗುತ್ತದೆ. ಸಿಸ್ಟಮ್ ಪಾತ್ ಮುಂದೆ, ಯೂಸರ್ ಪಾತ್ ಹಿಂದೆ. ಇನ್ನೊಂದು, ಸಿಸ್ಟಮ್ ಕೀಯಲ್ಲಿ ಯೂಸರ್‌ನೇಮ್ ಅಂತ ಒಂದಿದೆ, ಅದರ ಮೌಲ್ಯ ಸಿಸ್ಟಮ್. ಅದನ್ನು ಬಿಟ್ಟು ಓದಿ, ಇಲ್ಲದಿದ್ದರೆ ಲಾಗಿನ್ ಆದವರ ಹೆಸರೇ ಬದಲಾಗಿರುತ್ತದೆ. ಮೌಲ್ಯದೊಳಗೆ ಆಂಪರ್‌ಸ್ಯಾಂಡ್ (& ಗುರುತು) ಬಂದಾಗ ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ನಡುವೆ ಎಕ್ಸ್‌ಪ್ಲೋರರನ್ನೇ ಕೊಂದು ಮತ್ತೆ ಶುರು ಮಾಡಿಯೂ ನೋಡಿದೆ. ತೆರೆದಿದ್ದ ಫೋಲ್ಡರ್‌ಗಳು ಹೋದವು, ಸಿಎಂಡಿ ಹಾಗೇ ಇತ್ತು. ವಿಎಸ್ ಕೋಡ್ (ಕೋಡ್ ಬರೆಯುವ ಎಡಿಟರ್) ಒಳಗಿನ ಟರ್ಮಿನಲ್ ಹೊಸದಾಗಿ ತೆರೆದರೂ ಹಳೆ ಪಾತ್ ಬರುವುದುಂಟು, ಅದರ ತಾಯಿ ವಿಎಸ್ ಕೋಡ್ ತಾನೇ. ಲಿನಕ್ಸ್ ಲ್ಯಾಬಿನಲ್ಲಿ ಬ್ಯಾಶ್‌ಆರ್‌ಸಿ ಅನ್ನುವ ಸೆಟ್ಟಿಂಗ್ ಫೈಲನ್ನು ಮತ್ತೆ ಮತ್ತೆ ಸೋರ್ಸ್ ಮಾಡಿದರೆ (ಅದೇ ವಿಂಡೋದಲ್ಲಿ ಓಡಿಸಿದರೆ) ಒಂದೇ ಫೋಲ್ಡರ್ ಪಾತ್‌ನಲ್ಲಿ ನಾಲ್ಕೈದು ಸಲ ಕೂರುತ್ತದೆ. ಕಮಾಂಡ್ ಜಾಗ ಬದಲಾಗಿದ್ದರೆ ಅಲ್ಲಿ ಹ್ಯಾಶ್ ಮೈನಸ್ ಆರ್ (hash -r) ಕಮಾಂಡ್ ಸಾಕು.

ನನ್ನ ಫೈಲಿನಲ್ಲಿ ಒಂದು ಕೊರತೆ ಇದೆ. ಸಾಫ್ಟ್‌ವೇರ್ ತೆಗೆದುಹಾಕಿದಾಗ ರಿಜಿಸ್ಟ್ರಿಯಿಂದ ಅಳಿದ ವೇರಿಯಬಲ್ ವಿಂಡೋದಲ್ಲಿ ಹಾಗೇ ಉಳಿಯುತ್ತದೆ. ಹಳೆ ಜಾವಾ ತೆಗೆಯುವ ಲ್ಯಾಬ್‌ಗಳಲ್ಲಿ ಸ್ಕ್ರಿಪ್ಟನ್ನು ಎರಡು ಭಾಗ ಮಾಡಿ, ಎರಡನೆಯದನ್ನು ಸ್ಟಾರ್ಟ್ ಮೆನುವಿನಿಂದ ಹೊಸ ವಿಂಡೋ ತೆರೆದು ಓಡಿಸುತ್ತೇನೆ.