ಬೂತಾಯಿಯಿಂದ ರೋಮನ್ನರ ಗಾರುಮ್: ಮೂರನೇ ಸಲಕ್ಕೆ ಬಂತು

ಗಾರುಮ್ ಅಂದರೆ ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟು ತೆಗೆಯುವ ರಸ, ರೋಮನ್ನರು ಅಡುಗೆಗೆ ಹಾಕುತ್ತಿದ್ದದ್ದು. ಅದನ್ನು ಹಾಕ್ತೇನೆ ಅಂದಾಗ ನನ್ನ ಹಾಗೆ ರೋಮ್ ಹುಚ್ಚು ಹಿಡಿದ ಗೆಳೆಯರೇ ಬೇಡ ಅಂದರು. ನಮ್ಮ ಕರಾವಳಿಯ ಗಾಳಿಗೆ ಕೊಳೆಯುತ್ತದೆ, ರೋಮನ್ನರು ಗಾರುಮ್ ಮಾಡಿಸುತ್ತಿದ್ದ ಸ್ಪೇನಿನ ಒಣ ಬಿಸಿಲು ಇಲ್ಲಿಲ್ಲ ಅಂತ ಅವರ ವಾದ. ಈಗ ನನ್ನ ಹತ್ತಿರ ಎರಡು ಬಾಟಲಿ ಉಂಟು. ಚಹಾ ಡಿಕಾಕ್ಷನ್ ಬಣ್ಣ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ತಿಳಿ.

ಮೊದಲ ಸಲ ಸೋತದ್ದು ಮಾರ್ಕೆಟಿನಲ್ಲೇ. ಅಭ್ಯಾಸಕ್ಕೆ ಬಿದ್ದು ಬೂತಾಯಿ ಕ್ಲೀನ್ ಮಾಡಿಸಿ ತಂದೆ. ಕರುಳೇ ಇಲ್ಲದ ಮೇಲೆ ಮಾಂಸ ಕರಗುವುದು ಯಾವುದರಿಂದ? ಎರಡು ತಿಂಗಳು ಕಾದೆ, ಉಪ್ಪುಮೀನು ಸಿಕ್ಕಿತು. ಬಿಸಾಡುವ ಕರುಳಿನಿಂದಲೇ ಇದನ್ನು ಮಾಡುತ್ತಾರೆ ಅಂತ ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದನ್ನು ನಾನು ಓದಿಯೂ ಇದ್ದೆ.

ಎರಡನೇ ಸಲ ಹಳೆಯ ಅಳತೆಯನ್ನೇ ನಂಬಿದೆ. 10ನೇ ಶತಮಾನದ ಬೈಜಾಂಟಿಯಂ ಕೃಷಿ ಸಂಕಲನದಲ್ಲಿ ಬಿಥೀನಿಯಾದವರ (ಈಗಿನ ಟರ್ಕಿಯ ಉತ್ತರ ಭಾಗ) ಲೆಕ್ಕ ಸಿಗುತ್ತದೆ: ಒಂದು ಮೋದಿಯಸ್ ಮೀನಿಗೆ ಎರಡು ಸೆಕ್ಸ್ಟಾರಿಯಸ್ ಉಪ್ಪು. ಎರಡೂ ರೋಮನ್ನರ ಅಳತೆ, ಅಂದರೆ ಎಂಟು ಪಾಲಿಗೆ ಒಂದು. ಐದನೇ ದಿನ ನೊಣ, ವಾರಕ್ಕೆ ಹುಳ. ತೆಂಗಿನ ಬುಡಕ್ಕೆ ಹಾಕಿದೆ. ಎರಡೂ ಸಲದ್ದು ಸೇರಿ ಹೆಚ್ಚುಕಮ್ಮಿ 1,800 ರೂಪಾಯಿ ಹೋಯಿತು.

ಮೂರನೆಯದಕ್ಕೆ ಬೆಳಿಗ್ಗೆ ಬೇಗ ಮಲ್ಪೆ ಬಂದರಿಗೆ ಹೋದೆ. ಐದು ಕಿಲೋ ಇಡೀ ಬೂತಾಯಿ, ಉಪ್ಪು ಬೀಳುವ ತನಕ ಐಸಿನಲ್ಲೇ. ಇದರಲ್ಲಿ ಉದಾಸೀನ ಬೇಡವೇ ಬೇಡ. ಬೂತಾಯಿ, ಬಂಗುಡೆ ಬಿಸಿಯಲ್ಲಿ ಇದ್ದರೆ ಹಿಸ್ಟಮಿನ್ ಅನ್ನುವ ವಿಷ ಕೂಡುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕಲ್ಲುಪ್ಪು ತೂಕದಲ್ಲಿ ಮೂರನೇ ಒಂದು ಪಾಲು, 1.7 ಕಿಲೋ ಇರಬಹುದು. ಉಪ್ಪಿನಕಾಯಿ ಭರಣಿ, ಬಾಯಿಗೆ ಎರಡು ಪದರ ಬಟ್ಟೆ. ಫೆಬ್ರವರಿಯಿಂದ ಮೇ ತನಕ ಬಿಸಿಲು, ದಿನಾ ಕೋಲಿನಲ್ಲಿ ತಿರುಗಿಸುವುದು. ಎರಡನೇ ವಾರ ವಾಸನೆ ತಡೆಯಲಿಕ್ಕೆ ಆಗಲಿಲ್ಲ, ನೆರೆಮನೆಯವರು ಬಂದು ಕೇಳಿದರು. ಆರನೇ ವಾರದ ಹೊತ್ತಿಗೆ ಅಮ್ಮನೇ ಬಟ್ಟೆ ಸರಿಸಿ ಮೂಸಿ, "ಮಗಾ, ಇದು ಈಗ ನಾರುದಿಲ್ಲ ಅಲ್ವಾ, ಏಡಿ ಸುಕ್ಕದ ಪರಿಮಳ ಉಂಟು" ಅಂದರು.

ಮೇ ಕೊನೆಗೆ ಒತ್ತಾಗಿ ಹೆಣೆದ ಉದ್ದ ಬುಟ್ಟಿಯನ್ನು ಭರಣಿಯೊಳಗೆ ಇಳಿಸಿದೆ. ಅದೂ ಅದೇ ಸಂಕಲನದ ವಿಧಾನ. ಬೂದು ಗಸಿ ಹೊರಗೇ ನಿಂತಿತು, ಬುಟ್ಟಿಯೊಳಗೆ ಜೇನಿನ ಬಣ್ಣದ ರಸ ಮೆಲ್ಲ ಮೆಲ್ಲ ಏರಿತು. ರೋಮನ್ ಪಟ್ಟಣ ಪಾಂಪೆಯಿಯ ಗಾರುಮ್ ವ್ಯಾಪಾರಿ ಉಂಬ್ರಿಕಿಯಸ್ ಸ್ಕೌರಸ್ ತನ್ನ ಮನೆಯ ನೆಲದಲ್ಲೇ ಗಾರುಮ್ ಹೂಜಿಗಳ ಮೊಸಾಯಿಕ್ ಮಾಡಿಸಿದ್ದ, ಅದರ ಮೇಲೆ ತನ್ನ ಹೆಸರು. ಆ ಜಂಬ ಯಾಕೆ ಅಂತ ನನಗೆ ಆವತ್ತು ಗೊತ್ತಾಯಿತು.

ಸಿಕ್ಕಿದ್ದು ಸುಮಾರು ಎರಡು ಲೀಟರ್. ಈ ಸಲದ ಖರ್ಚು 1,100 ರೂಪಾಯಿ ಆಸುಪಾಸು. ಪ್ಲಿನಿಯ ಕಾಲದಲ್ಲಿ ಅತಿ ಒಳ್ಳೆಯ ಗಾರುಮ್ ಆರೂವರೆ ಲೀಟರಿಗೆ 1,000 ಸೆಸ್ಟರ್ಸ್ (ರೋಮನ್ ನಾಣ್ಯ). ಆಗ ಸೈನಿಕನ ವರ್ಷದ ಸಂಬಳವೇ 900!

ಉಳಿದ ಗಸಿ ಅಲೆಕ್. ರೋಮನ್ನರು ಅದನ್ನೂ ಬಿಡುತ್ತಿರಲಿಲ್ಲ. ಚಿಟಿಕೆಯಷ್ಟನ್ನು ತೆಂಗಿನಕಾಯಿ ಚಟ್ನಿಗೆ ಹಾಕಿ ನೋಡಿದೆ, ಗಂಜಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಕೊನೇ ವಾರ ಭರಣಿಗೆ ಏನು ಹಾಕಿದೆ, ಬುಟ್ಟಿ ಎಷ್ಟು ದಿನ ಬಿಟ್ಟೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ.

ಇನ್ನೊಂದು ಸಣ್ಣ ಭರಣಿಯಲ್ಲಿ ಟ್ಯೂನಾದ ಕರುಳು, ಕಿವಿರು, ರಕ್ತ ಉಪ್ಪು ಹಾಕಿ ಇಟ್ಟಿದ್ದೇನೆ. ಅದೂ ಒಂದು ಬಗೆಯ ಗಾರುಮ್, ಹೈಮಾಟಿಯೋನ್ ಅನ್ನುತ್ತಾರೆ. ರಸ ಕಪ್ಪಗಾಗುತ್ತಾ ಬಂದಿದೆ, ಇನ್ನೂ ಮೂರು ವಾರ ಬಿಡಬೇಕು.